ಉಳಿ ತಾಗದ ಬಾಗಿಲು

ಬಾಗಿಲ ಮುಂದೆ ಉಳಿ, ಸುತ್ತಿಗೆ ಹರಡಿಕೊಂಡು ಕೂತ ಹೆಂಗಸನ್ನು ನಮ್ಮ ಕಡೆಯ ಜನ ಎರಡೆರಡು ಸಲ ನೋಡುತ್ತಾರೆ. 'ಗಂಡಸ್ರು ಯಾರೂ ಬರ್ನಿಲ್ವಾ?' ಎಂದು ಕೇಳದ ಮನೆ ಹುಣಸೂರು ತಾಲ್ಲೂಕಿನಲ್ಲಿ ನನಗಿನ್ನೂ ಸಿಕ್ಕಿಲ್ಲ. 'ನಾನು ಬಂದಿದ್ದೀನಲ್ಲ, ಸಾಲ್ದಾ?' ಎಂದು ನಾನು ತಿರುಗಿ ಕೇಳುವುದನ್ನೂ ಬಿಟ್ಟಿಲ್ಲ. ಬಸ್ ಸ್ಟ್ಯಾಂಡಿನ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ಬೀಗದ ಕೈ ಮಾಡುತ್ತೇನೆ, ಕೆಟ್ಟ ಬೀಗ ರಿಪೇರಿ ಮಾಡುತ್ತೇನೆ, ಕರೆದರೆ ಮನೆಗೇ ಹೋಗಿ ಬೀಗ ಕೂರಿಸಿ ಬರುತ್ತೇನೆ. ಹನಗೋಡಿನಿಂದಾಚೆಯ ಹಳ್ಳಿಯೊಂದರಲ್ಲಿ ಒಂದೇ ಒಂದು ಬೀಗ ನನಗೆ ಹೇಗೆ ನೀರು ಕುಡಿಸಿತು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಆ ಹಳ್ಳಿಯ ಹೆಣ್ಣುಮಗಳೊಬ್ಬಳು ಒಂದು ಸಂಜೆ ಕೆಲಸ ಮುಗಿಸಿಕೊಂಡು ಅಂಗಡಿಗೆ ಬಂದಳು. ಅವಳು ಊರಿನ ಅಂಗನವಾಡಿಯಲ್ಲಿ ಸಹಾಯಕಿ. ತುಂಬಿಕೊಳ್ಳುತ್ತಿದ್ದ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು, ಬೇರೆ ಗಿರಾಕಿಗಳು ಹೋಗುವವರೆಗೆ ಕಾದು ನಿಂತಿದ್ದಳು.

"ಅಕ್ಕ, ಮುಂಬಾಗ್ಲು ಬೀಗ ಬದ್ಲಾಯಿಸ್ಬೇಕು. ಗಟ್ಟಿದು ಆಕ್ಕೊಡಿ."

"ಹಳೇದು ಕೆಟ್ಟೋಗದಾ?"

"ಇಲ್ಲ, ಸರ್ಯಾಗೇ ಅದೆ."

"ಮತ್ತೆ ಯಾಕವ್ವ?"

"ಅದ್ರ ಕೀ ನಮ್ ಭಾವನ ತಾವೂ ಅದೆ."

ಅವಳ ಗಂಡ ಲಾರಿ ಡ್ರೈವರು. ಶುಂಠಿ ತುಂಬಿಕೊಂಡು ಕೇರಳದ ಕಡೆ ಹೋದರೆ ಮನೆಗೆ ಬರುವುದು ಅಪರೂಪ. ಪಂಚಾಯಿತಿಯ ಯೋಜನೆಯಲ್ಲಿ ಅವಳ ಹೆಸರಿಗೇ ಮಂಜೂರಾದ ಮನೆ ಕಟ್ಟಿಕೊಂಡು ಇಬ್ಬರೂ ಬೇರೆ ಬಂದಿದ್ದರು. ಬೇರೆ ಬಂದರೂ ಒಂದು ಬೀಗದ ಕೈ ಹಿರಿಯರ ಮನೆಯಲ್ಲಿರಬೇಕು ಎಂಬುದು ಆ ಮನೆತನದ ರೂಢಿ. ಪಕ್ಕದಲ್ಲೇ ಅತ್ತೆಯವರಿದ್ದ ದೊಡ್ಡಮನೆಯ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಆ ಬೀಗದ ಕೈ ಗಂಡನ ಅಣ್ಣನ ಉಡಿದಾರಕ್ಕೆ ಬಂದಿತ್ತು. ಅವಳು ಕೆಲಸದಿಂದ ಬರುವಷ್ಟರಲ್ಲಿ ಅವನು ಮನೆಯೊಳಗೇ ಕೂತಿರುತ್ತಿದ್ದ. ಕೆಲವು ದಿನ ಜೊತೆಗೆ ಸ್ನೇಹಿತರು, ಬಾಟಲಿ, ಖಾರದ ಕಡಲೆಬೀಜ. ಅವಳು ಮನೆಯಲ್ಲಿದ್ದಾಗ ಒಳಗಿನ ಚಿಲಕ ಹಾಕಿದರೆ ಬೀದಿಗೆಲ್ಲ ಕೇಳುವಂತೆ ಬಾಗಿಲು ಬಡಿಯುತ್ತಿದ್ದ. ಒಂದು ಮಧ್ಯಾಹ್ನ ಸುಸ್ತಾಗಿ ಚಿಲಕ ಹಾಕುವುದನ್ನು ಮರೆತು ಮಲಗಿದ್ದಾಳೆ. ಕಣ್ಣು ಬಿಟ್ಟರೆ ಅವನು ಎದುರಿಗೆ ನಿಂತಿದ್ದಾನೆ.

"ನೀರು ಕುಡ್ಯಕ್ಕೆ ಬಂದೆ ಅಂದ್ರು ಅಕ್ಕ. ನೀರಿನ ಕೊಡ ಇರೋದು ಅಡ್ಗೆಮನೇಲಿ. ಅವ್ರು ನಿಂತಿದ್ದು ನಾನು ಮಲ್ಗಿದ್ದ ರೂಮ್ ಬಾಗ್ಲಲ್ಲಿ."

ಗಂಡನಿಗೆ ಫೋನು ಮಾಡಿದರೆ, ಅಣ್ಣನನ್ನು ಎದುರು ಹಾಕಿಕೊಳ್ಳಬೇಡ, ನಾನು ಬಂದ ಮೇಲೆ ನೋಡೋಣ ಅಂದನಂತೆ. "ನೀವು ಬರೋಗಂಟ ನಾನು ನಿದ್ದೆ ಮಾಡ್ಬಾರ್ದಾ ಅಂತ ಕೇಳ್ದೆ. ಫೋನ್ ಇಟ್ಬುಟ್ರು," ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಬೆಳಿಗ್ಗೆಯೇ ಬರುತ್ತೇನೆ, ರಜೆ ಹಾಕಿ ಮನೆಯಲ್ಲಿರು ಎಂದು ಹೇಳಿ ಕಳಿಸಿದೆ. ಇದ್ದುದರಲ್ಲಿ ದಪ್ಪನೆಯ ನಾಲಿಗೆಯ ಹೊಸ ಬೀಗವೊಂದನ್ನು ಆರಿಸಿ, ಡ್ರಿಲ್ ಮಿಷನ್ನು, ಉಳಿಗಳು, ಅರಗಳು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡೆ. ಮರುದಿನ ಹನಗೋಡಿನಲ್ಲಿ ಹೊಳೆ ದಾಟಿ, ಹೊಗೆಸೊಪ್ಪಿನ ಹೊಲಗಳ ನಡುವೆ ಸ್ಕೂಟರ್ ಓಡಿಸುವಾಗಲೂ ಮನಸ್ಸಿನಲ್ಲಿ ಆ ಭಾವನನ್ನು ಬೈಯುತ್ತಲೇ ಇದ್ದೆ.

ಹಿಂಬಾಗಿಲಿಗೆ ಒಳಗಿನಿಂದ ಮರದ ಅಗುಳಿ ಇತ್ತು, ಅದರ ಚಿಂತೆ ಇರಲಿಲ್ಲ. ಮುಂಬಾಗಿಲಿನದು ಒಳಮೈಗೆ ಸ್ಕ್ರೂ ಹಾಕಿ ಕೂರಿಸಿದ ಪೆಟ್ಟಿಗೆಯಂಥ ಬೀಗ. ಹೊರಗಿನಿಂದ ಕಾಣುವುದು ಬೀಗದ ಕೈ ತೂರಿಸುವ ಗುಂಡನೆಯ ಹಿತ್ತಾಳೆ ಸಿಲಿಂಡರ್ ಮಾತ್ರ. ಹೊರಗಿನಿಂದ ಬೀಗದ ಕೈ ತಿರುಗಿಸಿದರೂ ಒಳಗಿನಿಂದ ಗುಂಡಿ ತಿರುಗಿಸಿದರೂ ಕಬ್ಬಿಣದ ನಾಲಿಗೆ ಸರಿದು ಚೌಕಟ್ಟಿಗೆ ಬಡಿದ ಗೂಡಿನೊಳಗೆ ಹೋಗಿ ಕೂರುತ್ತದೆ. ನಾನು ತಂದಿದ್ದ ಬೀಗದ ನಾಲಿಗೆ ಇದಕ್ಕಿಂತ ದಪ್ಪ. ಹಾಗಾಗಿ ಚೌಕಟ್ಟಿನ ಮರವನ್ನು ಇನ್ನಷ್ಟು ಕೆತ್ತಬೇಕು, ಬಾಗಿಲಿನ ತೂತನ್ನೂ ದೊಡ್ಡದು ಮಾಡಬೇಕು. ಪೆನ್ಸಿಲಿನಲ್ಲಿ ಗುರುತು ಹಾಕಿ, ಉಳಿಯನ್ನು ಗುರುತಿನ ಮೇಲಿಟ್ಟು ಸುತ್ತಿಗೆ ಎತ್ತಿದೆ.

"ನಿಲ್ಸವ್ವಾ!"

ಬೀದಿಯ ಕಡೆಯಿಂದ ಅವಳ ಅತ್ತೆ ಸೆರಗು ಬಿಗಿದುಕೊಂಡು ಓಡೋಡಿ ಬರುತ್ತಿದ್ದರು. ಹಿಂದೆ ಅವರ ದೊಡ್ಡ ಮಗ, ಅಂದರೆ ಆ ಭಾವ, ಓಡದೆ ಬರುತ್ತಿದ್ದ.

"ಬಸುರಿ ಇರೋ ಮನೆ ಬಾಗ್ಲಿಗೆ ಉಳಿ ಆಕ್ತಾ ಇದ್ದೀಯಲ್ಲ, ಬುದ್ಧಿ ಅದಾ ನಿಂಗೆ?" ಎಂದು ಅವನು ಅಕ್ಕಪಕ್ಕದ ಮನೆಯವರೆಲ್ಲ ಹೊರಬರುವಂತೆ ಕೂಗಿದ. "ಮಗೀಗೆ ಎಚ್ಚುಕಮ್ಮಿ ಆದ್ರೆ ನೀನು ಒಣೆನಾ?"

"ಅಣ್ಣಾವ್ರೆ, ನೀವು ತಾವು ಅಂದ್ರೆ ನಿಮ್ ನಾಲ್ಗೆ ಏನೂ ಸವ್ಯಕಿಲ್ಲ," ಎಂದೆ. ಸುತ್ತಿಗೆ ಕೆಳಗಿಳಿಸಲಿಲ್ಲ.

ಬಸುರಿ ಇರುವ ಮನೆಯಲ್ಲಿ ಮೊಳೆ ಹೊಡೆಯಬಾರದು, ಮರ ಕೆತ್ತಬಾರದು, ಅದರಲ್ಲೂ ಬಾಗಿಲ ತಂಟೆಗೆ ಹೋಗಬಾರದು ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ನಂಬಿಲ್ಲ. ಅವನೂ ನಂಬಿದವನಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ಆದರೆ ಅವನ ತಾಯಿಯ ವಿಷಯ ಬೇರೆ. ಉಳಿಗೂ ಮರಕ್ಕೂ ನಡುವೆ ಅಂಗೈ ಅಡ್ಡ ಇಟ್ಟರು.

"ನನ್ ಮೊದಲ್ನೇದು ಓಗಿದ್ದು ಇಂಗೇ ಕಣವ್ವ. ನಮ್ಮಾವ ಕೊಟ್ಗೆಗೆ ಬಾಗ್ಲು ಕೂರಿಸ್ತಿದ್ರು. ಅವತ್ತೇ ನೋವು ಕಾಣಿಸ್ಕತ್ತು. ಬ್ಯಾಡ ಕಣವ್ವ, ನಿಂಗೆ ಕೈ ಮುಗಿತೀನಿ."

ಮಗನ ಬಾಯಿ ಮುಚ್ಚಿಸಲು ನನ್ನ ಹತ್ತಿರ ನೂರು ಮಾತಿದ್ದವು. ತಾಯಿಯ ಕೈಯನ್ನು ಪಕ್ಕಕ್ಕೆ ಸರಿಸಲು ಒಂದೂ ಇರಲಿಲ್ಲ. ಸೊಸೆಯ ಕಡೆ ನೋಡಿದೆ. ನೀನೊಂದು ಮಾತು ಹೇಳು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಕಣ್ಣಲ್ಲೇ ಹೇಳಿದೆ. ಅವಳು ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿದ್ದಳು.

"ಅಕ್ಕ, ಉಳಿ ಆಕ್ದೆ ಆಗಕಿಲ್ವಾ?" ಎಂದಳು.

ಒಂದು ಕ್ಷಣ ಅವಳ ಮೇಲೂ ಸಿಟ್ಟು ಬಂತು. ನಿನಗೋಸ್ಕರ ಅಷ್ಟು ದೂರದಿಂದ ಬಂದು ಬೀದಿಯಲ್ಲಿ ಬೈಸಿಕೊಳ್ಳುತ್ತಿದ್ದೇನೆ, ನೀನೂ ಅವರ ಮಾತಿಗೆ ಹೆದರುತ್ತೀಯಲ್ಲ ಎನಿಸಿತು. ಚೀಲ ಎತ್ತಿಕೊಂಡು ಹೊರಟುಬಿಡಬೇಕೆಂದು ಉಳಿಯನ್ನು ಬಟ್ಟೆಗೆ ಸುತ್ತತೊಡಗಿದೆ. ಸುತ್ತುತ್ತ ಇರುವಾಗಲೇ ತಲೆ ತಣ್ಣಗಾಯಿತು. ಹಟ ಮಾಡಿ ನಾನು ಕೆತ್ತಿ ಹೋಗಬಹುದು. ಅಂಗಡಿಗೆ ಹೋಗಿ ಕೂತರೆ ನನ್ನನ್ನು ಕೇಳುವವರಿಲ್ಲ. ನಾಳೆ ಹುಟ್ಟುವ ಮಗುವಿಗೆ ಒಂದು ನೆಗಡಿ ಬಂದರೂ, ಮಾತಾಡುವುದು ಒಂದು ತಿಂಗಳು ತಡವಾದರೂ, 'ಅವತ್ತು ಬಾಗಿಲಿಗೆ ಉಳಿ ಹಾಕಿಸಿದಳಲ್ಲ' ಎಂದು ಬೆರಳು ತೋರಿಸುವುದು ಇವಳ ಕಡೆಗೆ. ಜೀವಮಾನವೆಲ್ಲ ತೋರಿಸುತ್ತಾರೆ. ಇವನ ಕೈಗೆ ಅಂಥ ಮಾತನ್ನು ನಾನೇ ಯಾಕೆ ಕೊಡಲಿ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಹಾಗೆ ಕೆಲಸ ಮಾಡಿ ತೋರಿಸುತ್ತೇನೆ ಎಂದುಕೊಂಡೆ.

ಉಳಿಗಳು, ಸುತ್ತಿಗೆ, ಡ್ರಿಲ್ ಮಿಷನ್ನು ಎಲ್ಲವನ್ನೂ ತೆಗೆದು ಅತ್ತೆಯ ಮುಂದೆ ಜಗಲಿಯ ಮೇಲಿಟ್ಟೆ.

"ಅವ್ವಾ, ಇವೆಲ್ಲ ನಿಮ್ ತಾವೇ ಇರ್ಲಿ. ಹೊಸ ಬೀಗ ಹಾಕಲ್ಲ. ಇರೋ ಬೀಗನೇ ಬಿಚ್ಚಿ, ಒಳಗಿನ ಸಾಮಾನು ಸರಿ ಮಾಡಿ, ಇದ್ದ ಜಾಗಕ್ಕೇ ಕೂರಿಸ್ತೀನಿ. ಮರಕ್ಕೆ ಒಂದೇಟೂ ಬೀಳಕಿಲ್ಲ. ನೀವೇ ಕೂತು ನೋಡಿ."

"ಸ್ಕ್ರೂ ಬಿಚ್ಚದೂ ಒಂದೇ, ಮೊಳೆ ಒಡ್ಯದೂ ಒಂದೇ," ಎಂದ ಮಗ.

"ಅವ್ವ ಹೇಳ್ಲಿ. ಶಾಸ್ತ್ರ ನಿಮ್ದಾ, ಅವ್ರದ್ದಾ?"

ಅತ್ತೆ ನಿಜವಾಗಿಯೂ ಯೋಚಿಸಿದರು. ಬಾಗಿಲ ಸ್ಕ್ರೂಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಏಟು ಬೀಳ್ಬಾರ್ದು, ಮರ ಕೆತ್ಬಾರ್ದು. ತಿರುಗ್ಸಿ ಬಿಚ್ಚದ್ಕೆ ಏನೂ ಇಲ್ಲ ಬುಡು. ಮಿಕ್ಸಿ ರಿಪೇರಿ ಮಾಡ್ದಂಗೆ ಅದು," ಎಂದು ತೀರ್ಪು ಕೊಟ್ಟರು.

ಮಗ ಇನ್ನೂ ಜಗಳ ತೆಗೆಯುತ್ತಾನೆ ಎಂದುಕೊಂಡಿದ್ದೆ. ಅವನು ನಕ್ಕುಬಿಟ್ಟ. ಅದೇ ಬೀಗ ಮತ್ತೆ ಅದೇ ಬಾಗಿಲಿಗೆ ಬರುತ್ತದೆ ಎಂದಷ್ಟೇ ಅವನ ತಲೆಗೆ ಹೋಗಿತ್ತು. "ಬಿಚ್ಚಿ ಆಕ್ಲಿ ಬುಡವ್ವ, ನಂಗೇನು," ಎಂದು ಉಡಿದಾರದ ಬೀಗದ ಕೈಯನ್ನು ಷರಟಿನ ಮೇಲಿಂದಲೇ ಒಮ್ಮೆ ಮುಟ್ಟಿಕೊಂಡು, ಹೊಗೆಸೊಪ್ಪು ಹದ ಮಾಡುವ ಬೇರನ್ನಿಗೆ ಸೊಪ್ಪು ಏರಿಸುವ ಕೆಲಸವಿದೆ ಎಂದು ಹೊರಟುಹೋದ. ನಾನು ತುಟಿ ಬಿಗಿಹಿಡಿದು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.

ಹೊಸ್ತಿಲ ಮೇಲೆ ಕೂರಬಾರದಲ್ಲ, ಅತ್ತೆ ಜಗಲಿಯ ಮೇಲೆ ಗೋಣಿಚೀಲ ಹಾಸಿಕೊಂಡು ಕಾವಲು ಕೂತರು. ಒಳಗಿನ ಪೆಟ್ಟಿಗೆ ಬಿಚ್ಚಿದೆ. ಅದರ ಹಿಂದೆ ಸಿಲಿಂಡರನ್ನು ಎಳೆದು ಹಿಡಿದಿದ್ದ ಉದ್ದನೆಯ ಸ್ಕ್ರೂಗಳನ್ನೂ ಬಿಚ್ಚಿದೆ. ಸಿಲಿಂಡರ್ ಹೊರಗಡೆಯಿಂದ ಕೈಗೆ ಬಂತು. ಅದರೊಳಗೆ ಬೀಗದ ಕೈಯ ಜೊತೆ ತಿರುಗುವ ತಿರುಳು ಒಂದಿರುತ್ತದೆ. ತಿರುಳಿನ ಬೆನ್ನಿನ ತೂತುಗಳಲ್ಲಿ ಬೇರೆ ಬೇರೆ ಎತ್ತರದ ಹಿತ್ತಾಳೆ ಪಿನ್ನುಗಳು, ಅವುಗಳ ಮೇಲೆ ಇನ್ನೊಂದು ಸಾಲು ಪಿನ್ನು, ಅದರ ಮೇಲೆ ಸ್ಪ್ರಿಂಗು. ಸರಿಯಾದ ಬೀಗದ ಕೈ ಹಾಕಿದರೆ ಕೆಳಗಿನ ಪಿನ್ನುಗಳ ತಲೆಯೆಲ್ಲ ತಿರುಳಿನ ಮೈಗೆ ಸಮವಾಗಿ ನಿಲ್ಲುತ್ತವೆ, ಆಗ ಮಾತ್ರ ತಿರುಳು ತಿರುಗುತ್ತದೆ. ಪಿನ್ನುಗಳನ್ನು ಬದಲಾಯಿಸಿದರೆ ಹಳೆಯ ಬೀಗದ ಕೈ ಒಳಗೆ ಹೋಗುತ್ತದೆ, ತಿರುಗುವುದಿಲ್ಲ. ಬೀಗ ಅದೇ, ಬಾಗಿಲು ಅದೇ.

ಹೇಳುವುದು ಸುಲಭ. ಕೆಲಸಕ್ಕೆ ಬೇಕಾದ ಪಿನ್ನುಗಳ ಡಬ್ಬ ಹುಣಸೂರಿನ ಅಂಗಡಿಯಲ್ಲಿತ್ತು. ಹೊಸ ಬೀಗ ಕೂರಿಸಲು ಬಂದವಳು ಅದನ್ನೇಕೆ ತರಲಿ? ಹೋಗಿ ತರೋಣವೆಂದರೆ, ನಾನು ಆ ಕಡೆ ಹೋದರೆ ಈ ಕಡೆ ಅತ್ತೆಯ ಮನಸ್ಸು ಬದಲಾಗಬಹುದು, ಮಗನಿಗೆ ಬುದ್ಧಿ ಬರಬಹುದು. ಚೀಲದ ತಳದಲ್ಲಿ ಹಲ್ಲು ಕೊರೆಯದ ಖಾಲಿ ಬೀಗದ ಕೈಗಳು, ಅರಗಳು, ಒಂದು ಗುಜರಿ ಬೀಗ ಇದ್ದವು. ತಂದಿದ್ದ ಹೊಸ ಬೀಗದ ಪಿನ್ನುಗಳು ಇದರ ತೂತಿಗೆ ಹಿಡಿಸುವಷ್ಟು ಸಣ್ಣವಲ್ಲ. ಇಷ್ಟರಲ್ಲೇ ಮುಗಿಸಬೇಕು ಎಂದು ನಿಶ್ಚಯಿಸಿದೆ. ಇರುವ ಪಿನ್ನುಗಳನ್ನೇ ಜಾಗ ಬದಲಿಸಿ, ಆ ಹೊಸ ಸಾಲಿಗೆ ಹೊಂದುವಂತೆ ಕೈಯಲ್ಲೇ ಬೀಗದ ಕೈ ಅರೆಯುವುದು.

ತಿರುಳು ಹೊರಕ್ಕೆ ಜಾರಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಒಳಗೆಲ್ಲ ಕೆಂಪು. ನಮ್ಮ ಕಡೆಯ ಬೀಗಗಳಿಗೆ ಬರುವ ದೊಡ್ಡ ಕಾಯಿಲೆ ಆಯುಧಪೂಜೆ. ಕುಡುಗೋಲು, ಟ್ರ್ಯಾಕ್ಟರಿಗೆ ಹಚ್ಚಿದ ಹಾಗೆ ಬೀಗಕ್ಕೂ ಕುಂಕುಮ ಹಚ್ಚುತ್ತಾರೆ, ಅದೂ ತೂತಿನ ಬಾಯಿಗೇ. ಆಮೇಲೆ ಬಿಗಿಯಾಯಿತೆಂದು ಕೊಬ್ಬರಿ ಎಣ್ಣೆ ಬಿಡುತ್ತಾರೆ. ಎಣ್ಣೆ, ಕುಂಕುಮ ಸೇರಿ ಒಳಗೆ ಗೋಡೆಗೆ ಮೆತ್ತುವ ಗಾರೆಯೇ ಆಗಿತ್ತು.

"ಕುಂಕ್ಮ ಮಡಗಿದ್ದು ನಾನೇ ಕಣವ್ವ, ಲಕ್ಷ್ಮಿ ಅಲ್ವಾ ಅದು," ಎಂದರು ಅತ್ತೆ.

"ಮಡಗಿ ಅವ್ವಾ, ಬೇಡ ಅನ್ನಕಿಲ್ಲ. ಲಕ್ಷ್ಮಿ ಹಣೆಗೆ ಮಡಗಿ, ಬಾಯಿಗೆ ತುರುಕ್ಬೇಡಿ."

ಅವರು ನಕ್ಕರು. ಬಂದಾಗಿನಿಂದ ಅದೇ ಮೊದಲು.

ಪೆಟ್ರೋಲಿನ ವಾಸನೆ ಬಸುರಿಗೆ ಆಗುವುದಿಲ್ಲವೆಂದು ಅಂಗಳದ ಆ ತುದಿಗೆ ಹೋಗಿ, ಸ್ಕೂಟರಿನಿಂದ ಒಂದಿಷ್ಟು ತೆಗೆದು, ಸಿಲಿಂಡರನ್ನು ಅದರಲ್ಲಿ ನೆನೆಹಾಕಿದೆ. ಕೆಂಪು ನೀರು ಇಳಿಯುವವರೆಗೆ ತೊಳೆದೆ. ಆಮೇಲೆ ಹಿಂದಿನ ಕ್ಲಿಪ್ಪು ತೆಗೆದು, ತಿರುಳಿನಷ್ಟೇ ದಪ್ಪದ ಮರದ ಕೋಲನ್ನು ಹಿಂದಿನಿಂದ ನೂಕುತ್ತ ತಿರುಳನ್ನು ಮುಂದಕ್ಕೆ ಜಾರಿಸಿದೆ. ತಿರುಳು ಹೋದ ಜಾಗಕ್ಕೆ ಕೋಲು ಬಂದು ನಿಂತರೆ ಮೇಲಿನ ಸ್ಪ್ರಿಂಗುಗಳು ಹಾರುವುದಿಲ್ಲ. ಕೋಲಿಗೂ ತಿರುಳಿಗೂ ನಡುವೆ ಕೂದಲೆಳೆ ಸಂದು ಬಿಟ್ಟರೆ ಮುಗಿಯಿತು. ಕೆಳಗಿನ ಪಿನ್ನುಗಳನ್ನು ಅಂಗೈಗೆ ಸುರಿದುಕೊಂಡು, ಮೊದಲನೆಯದನ್ನೂ ಕೊನೆಯದನ್ನೂ ಅದಲು ಬದಲು ಮಾಡಿದೆ. ಖಾಲಿ ಬೀಗದ ಕೈಯನ್ನು ತೂರಿಸಿ, ಯಾವ ಪಿನ್ನಿನ ತಲೆ ಎದ್ದು ನಿಂತಿದೆಯೋ ಅದರ ಕೆಳಗೆ ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ಮತ್ತೆ ತೂರಿಸಿ, ಬೆರಳು ಸವರಿ ನೋಡಿ, ಮತ್ತೆ ಉಜ್ಜಿ, ಎಲ್ಲ ತಲೆಗಳೂ ಸಮವಾಗುವವರೆಗೆ ಹೀಗೇ ಮಾಡಿದೆ. ಒಂದು ಉಜ್ಜು ಹೆಚ್ಚಾದರೆ ಆ ಬೀಗದ ಕೈ ಎಸೆಯಬೇಕು. ಒಂದನ್ನು ಎಸೆದೆ, ಎರಡನೆಯದು ಕೂತಿತು. ತಿರುಗಿಸಿದರೆ ತಿರುಗಿತು.

"ನಿನ್ ಹಳೇ ಕೀ ಕೊಡವ್ವ," ಎಂದು ಸೊಸೆಯದನ್ನು ಇಸಿದುಕೊಂಡು ಹಾಕಿದೆ. ತಿರುಗದೆ ನಿಂತಿತು. ಆದರೆ ಸ್ವಲ್ಪ ಅಲ್ಲಾಡಿಸಿದೆ ನೋಡಿ, ಗರಕ್ಕೆಂದು ತಿರುಗಿಬಿಟ್ಟಿತು! ವರ್ಷಗಟ್ಟಲೆ ಸವೆದ ಬೀಗ, ಆ ಎರಡು ಪಿನ್ನುಗಳ ಎತ್ತರದಲ್ಲಿ ಅಂಥ ವ್ಯತ್ಯಾಸವೂ ಇರಲಿಲ್ಲ. ಸೊಸೆಯ ಮುಖ ಕಪ್ಪಿಟ್ಟಿತು. "ಆಗಕಿಲ್ಲ ಅಲ್ವಾ ಅಕ್ಕ?" ಎಂದಳು.

"ಯಾಕಾಗಲ್ಲ? ನಾನಿನ್ನೂ ಸೋತಿಲ್ಲ ಕಣೆ. ಮಾಡದೆ ಇಲ್ಲಿಂದ ಏಳಕಿಲ್ಲ," ಎಂದೆ. ಹೇಳಿದಷ್ಟು ಧೈರ್ಯವೇನೂ ಒಳಗಿರಲಿಲ್ಲ.

ಎಲ್ಲವನ್ನೂ ಮತ್ತೆ ಬಿಚ್ಚಿದೆ. ಗುಜರಿ ಬೀಗ ಒಡೆದು ಅದರ ಅತಿ ಉದ್ದದ ಪಿನ್ನನ್ನು ತೆಗೆದು, ಇಲ್ಲಿ ಅತಿ ಗಿಡ್ಡ ಪಿನ್ನಿದ್ದ ತೂತಿಗೆ ಹಾಕಿದೆ. ಅಲ್ಲಿ ಹೊಸ ಬೀಗದ ಕೈಗೆ ಆಳದ ಹಲ್ಲು ಬೀಳುತ್ತದೆ. ಹಳೆಯದು ಆ ಜಾಗದಲ್ಲಿ ಎತ್ತರ, ಎಷ್ಟು ಅಲ್ಲಾಡಿಸಿದರೂ ಪಿನ್ನನ್ನು ತಿರುಳಿನ ಮೇಲಕ್ಕೆ ತಳ್ಳಿ ತನ್ನ ದಾರಿಗೆ ತಾನೇ ಅಡ್ಡ ಹಾಕಿಕೊಳ್ಳುತ್ತದೆ. ಉಳಿದವುಗಳ ಸಾಲನ್ನೂ ಪೂರ್ತಿ ಕದಡಿದೆ. ಅತ್ತೆ ಗೋಣಿಚೀಲವನ್ನು ಹತ್ತಿರಕ್ಕೆ ಎಳೆದುಕೊಂಡು ನೋಡುತ್ತಿದ್ದರು.

"ಅಂಗಾರೆ ನನ್ ಮಗನ ತಾವಿರೋ ಕೀ ಏನಾಯ್ತದೆ?"

ನಾನು ಮುಚ್ಚಿಡಲಿಲ್ಲ. "ಒಳೀಕ್ ಓಯ್ತದೆ ಅವ್ವಾ. ತಿರುಗಕಿಲ್ಲ."

ಅತ್ತೆ ಸೊಸೆಯ ಕಡೆ ತಿರುಗಿದರು. "ಯಾಕವ್ವ? ಕಳ್ಳ ಅಂದ್ಕೊಂಡ್ಯಾ ನನ್ ಮಗನ್ನ?"

ಅವಳು ನೆಲ ನೋಡಿಕೊಂಡು ಹೇಳಿದಳು: "ಅತ್ತೆ, ನಾನು ಮಲ್ಗಿದ್ದಾಗ ಭಾವ ನನ್ ರೂಮ್ ಬಾಗ್ಲಲ್ಲಿ ನಿಂತಿದ್ರು. ಎಷ್ಟೊತ್ತಿಂದ ನಿಂತಿದ್ರೋ ಗೊತ್ತಿಲ್ಲ."

ಆ ಮಾತು ಕೇಳಿ ನನ್ನ ಕೈ ಜಾರಿತು. ಕೋಲು ಸರಿದು ಒಂದು ಸ್ಪ್ರಿಂಗು ಚಿಮ್ಮಿ ಅಂಗಳಕ್ಕೆ ಹಾರಿತು. ಎಳ್ಳಿನಷ್ಟು ದಪ್ಪದ ಸ್ಪ್ರಿಂಗು, ಅಂಗಳದ ತುಂಬ ಹುಲ್ಲಿನ ಚೂರು. ಗುಜರಿ ಬೀಗದ ಸ್ಪ್ರಿಂಗುಗಳೆಲ್ಲ ತುಕ್ಕು ಹಿಡಿದು ಪುಡಿಯಾಗಿದ್ದವು. ನಾನು ಮೊಣಕಾಲೂರಿ ಹುಡುಕತೊಡಗಿದೆ. ಅತ್ತೆ ಎದ್ದರು. ಮಗನನ್ನು ಕರೆಯಲು ಹೋಗುತ್ತಾರೆ, ಇಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಅವರು ಸೀರೆ ಎತ್ತಿ ಕಟ್ಟಿ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವ ಕೈಯಲ್ಲಿ ಹುಲ್ಲನ್ನು ಕೆದಕುತ್ತ ಹೋದರು. ಬಹಳ ಹೊತ್ತಿನ ಮೇಲೆ ಬಂದು ನನ್ನ ಅಂಗೈಯಲ್ಲಿ ಸ್ಪ್ರಿಂಗು ಇಟ್ಟರು.

"ಸರ್ಯಾಗಿ ಮಾಡವ್ವ," ಎಂದರು.

ಮತ್ತೆ ಅರೆದೆ. ಈ ಸಲ ಹಳೆಯ ಬೀಗದ ಕೈಯನ್ನು ನಾನು ಅಲ್ಲಾಡಿಸಿದೆ, ಸೊಸೆ ಅಲ್ಲಾಡಿಸಿದಳು, ಅತ್ತೆಯೂ ಇಸಿದುಕೊಂಡು ಹಲ್ಲು ಕಚ್ಚಿ ತಿರುಗಿಸಿ ನೋಡಿದರು. ಜಪ್ಪಯ್ಯ ಅನ್ನಲಿಲ್ಲ. ಸೊಸೆ ಒಳಗಿನಿಂದ ಅಂಗನವಾಡಿ ಮಕ್ಕಳ ಮೋಟು ಪೆನ್ಸಿಲೊಂದನ್ನು ತಂದುಕೊಟ್ಟಳು. ಅದರ ಕಡ್ಡಿ ಪುಡಿ ಮಾಡಿ ಎಣ್ಣೆಯ ಬದಲು ಅದನ್ನೇ ಬೀಗದ ತೂತಿಗೆ ಊದಿ, ಸಿಲಿಂಡರನ್ನು ಹಳೆಯ ತೂತಿಗೇ ಇಟ್ಟು, ಹಳೆಯ ಸ್ಕ್ರೂಗಳನ್ನೇ ಹಳೆಯ ಜಾಗಕ್ಕೇ ಬಿಗಿದೆ. ಹೊಸ ಬೀಗದ ಕೈಯ ಅಳತೆಗೆ ಇನ್ನೊಂದನ್ನೂ ಅರೆದು ಎರಡನ್ನೂ ಸೊಸೆಯ ಕೈಗೆ ಕೊಟ್ಟೆ. ಅತ್ತೆ ತಮಗೊಂದು ಕೊಡು ಎಂದು ಕೇಳಲಿಲ್ಲ.

"ಒಳೀಕ್ ಓಗಿ ಹಾಕ್ಕೊಂಡು ನೋಡವ್ವ," ಎಂದೆ. ಅವಳು ಒಳಗೆ ಹೋಗಿ ಗುಂಡಿ ತಿರುಗಿಸಿದಳು.

ಆಗಲೇ ಭಾವ ಬಂದ. ಮುಗಿಯಿತಾ ಎಂದು ಕೂಡ ಕೇಳದೆ ಉಡಿದಾರ ಎಳೆದು, ಸೊಂಟ ಬಾಗಿಲಿಗೆ ತಾಗಿಸಿ ನಿಂತು, ಬೀಗದ ಕೈ ತೂರಿಸಿದ. ಒಳಗೆ ಹೋಯಿತು. ತಿರುಗಲಿಲ್ಲ. ತೆಗೆದು ಒರೆಸಿ ಹಾಕಿದ. ಅಲ್ಲಾಡಿಸಿದ. ಬಾಗಿಲಿಗೆ ಭುಜ ಕೊಟ್ಟು ತಿರುಚಿದ. ಬೆಳಿಗ್ಗೆ ಅವನು ಕೂಗಿ ಸೇರಿಸಿದ್ದ ಅಕ್ಕಪಕ್ಕದವರು ಇನ್ನೂ ತಮ್ಮ ತಮ್ಮ ಜಗಲಿಗಳ ಮೇಲಿದ್ದರು, ಎಲ್ಲರೂ ನೋಡಿದರು. ನನಗೆ ಆದ ಖುಷಿಯನ್ನು ಯಾಕೆ ಮುಚ್ಚಿಡಲಿ? ಹಬ್ಬದೂಟ ಉಂಡಷ್ಟು ಖುಷಿಯಾಯಿತು.

"ಏನ್ ಮಾಡ್ದಮ್ಮೀ ಇದ್ಕೆ?"

"ಮರಕ್ಕೆ ಏಟು ಹಾಕಿಲ್ಲ ಅಣ್ಣಾವ್ರೆ. ಬೇಕಾದ್ರೆ ನಿಮ್ಮವ್ವನ್ನ ಕೇಳಿ."

ಅವನು ಪಕ್ಕದ ದೊಡ್ಡಮನೆಗೆ ದಡದಡ ಹೋಗಿ ಹಾರೆ ಹಿಡಿದು ಬಂದ. ಇದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ನಾನು ಬೀಗ ನೋಡಿದ್ದೆನೇ ಹೊರತು ಹಾರೆಯನ್ನಲ್ಲ. ಒಳಗೆ ಅವಳೊಬ್ಬಳೇ. ಏನು ಮಾಡಬೇಕೆಂದು ತೋಚದೆ ಬರಿಗೈಯಲ್ಲೇ ಬಾಗಿಲಿಗೆ ಅಡ್ಡ ನಿಂತೆ. ಅಷ್ಟರಲ್ಲಿ ಅತ್ತೆ ನನ್ನನ್ನು ಪಕ್ಕಕ್ಕೆ ತಳ್ಳಿ ತಾವು ಮುಂದೆ ಬಂದರು.

"ಮಡಗ್ಲಾ ಕೆಳೀಕೆ ಅದ."

"ನೀ ಸರ್ಕೊ ಅವ್ವ. ನಮ್ಮನೆ ಬಾಗ್ಲು ನಾನು ಮೀಟ್ತೀನಿ."

"ಬಸುರಿ ಇರೋ ಮನೆ ಬಾಗ್ಲು ಕಣ್ಲಾ ಅದು. ಉಳಿ ಆಕ್ಬಾರ್ದು ಅಂತ ಬೀದಿಗೆಲ್ಲ ಕೇಳಂಗೆ ಕೂಗ್ದೋನು ನೀನೇಯಾ. ಉಳಿ ಬ್ಯಾಡ, ಆರೆ ಆದ್ರೆ ಆಯ್ತದಾ? ಮಗೀಗೆ ಎಚ್ಚುಕಮ್ಮಿ ಆದ್ರೆ ಒ‌ಣೆ ಯಾರ್ಲಾ? ಆಕು ನೋಡನ ಏಟ. ಎಲ್ರೂ ನೋಡ್ತಾವ್ರೆ, ಆಕು."

ಎದುರು ಮನೆಯ ಮುದುಕಿಯೊಬ್ಬಳು "ಬ್ಯಾಡ ಕಣ್ಲಾ ಮಗ, ಬಸುರಿ ಮನೆ," ಎಂದು ಅಲ್ಲಿಂದಲೇ ಕೂಗಿದಳು. ಅವನು ಬೀದಿಯನ್ನು ನೋಡಿದ, ತಾಯಿಯನ್ನು ನೋಡಿದ. ಹಾರೆಯನ್ನು ಎಳೆದುಕೊಂಡು ಬಂದ ದಾರಿಯಲ್ಲೇ ಹೋದ. ಹೀಗಾಗುತ್ತದೆಂದು ನಾನು ಮೊದಲೇ ಯೋಚಿಸಿ ಉಳಿ ಕೆಳಗಿಟ್ಟೆ ಎಂದು ಹೇಳಿಕೊಳ್ಳುವ ಆಸೆಯೇನೋ ಇದೆ. ಯೋಚಿಸಿರಲಿಲ್ಲ.

ನಾನು ಸಾಮಾನು ಚೀಲಕ್ಕೆ ತುಂಬಿಕೊಳ್ಳುವವರೆಗೂ ಅತ್ತೆ ಹಾಗೇ ನಿಂತಿದ್ದರು. ಆಮೇಲೆ ಬಾಗಿಲ ಕಡೆ ತಿರುಗಿ, ಎಂದಿನಂತೆ ತಳ್ಳಲು ಕೈ ಎತ್ತಿದವರು, ತಳ್ಳದೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು.

"ಯಾರು?" ಎಂದಿತು ಒಳಗಿನ ಧ್ವನಿ.

"ನಾನು ಕಣವ್ವ. ನಿಮ್ಮತ್ತೆ."

"ಭಾವ ಓದ್ರಾ?"

"ಓದ ಕಣವ್ವ. ನಾನು, ಬೀಗದಕ್ಕ, ಇಬ್ರೇಯಾ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಕಾದರು. ಮಗನ ಮನೆಯ ಬಾಗಿಲಲ್ಲಿ ಕಾಯುವುದು ಅವರಿಗೆ ಹೊಸದು. ಆದರೂ ಇನ್ನೊಮ್ಮೆ ತಟ್ಟಲಿಲ್ಲ, ಕೂಗಲೂ ಇಲ್ಲ. ಸೊಸೆ ತನಗೆ ತೆಗೆಯಬೇಕೆನಿಸಿದಾಗ ಬಾಗಿಲು ತೆಗೆದಳು.